ಸಾಮಾನಿಗಿಂತ ಮೊದಲು ನೆಲ

ರಾಯದುರ್ಗದ ಮನೆಗೆ ನಾನು ಸೊಸೆಯಾಗಿ ಬಂದದ್ದು 1971ರಲ್ಲಿ. ಅಂಗಡಿಯಿಂದ ಕೊಂಡು ತಂದು ಇಟ್ಟ ಸಾಮಾನು ಅಂತ ಆ ಮನೆಯಲ್ಲಿ ಇದ್ದದ್ದು ಬಹಳ ಕಡಿಮೆ. ಗೋಡೆ ಎರಡಡಿ ದಪ್ಪ. ಅದರಲ್ಲೇ ದೀಪಕ್ಕೊಂದು ಗೂಡು, ದೇವರಿಗೊಂದು ಗೂಡು, ಎಲೆಯಡಿಕೆ ತಟ್ಟೆಗೊಂದು, ನಮ್ಮ ಮಾವನವರ ಕನ್ನಡಕಕ್ಕೂ ನಶ್ಯದ ಡಬ್ಬಿಗೂ ಸೇರಿ ಒಂದು. ಬಟ್ಟೆಗೆ ಗೂಟ, ಹಾಸಿಗೆ ಸುತ್ತಿ ಹಾಕಲು ತೊಲೆಯಿಂದ ಇಳಿಬಿಟ್ಟ ಗಳ, ಹಾಲು ಮೊಸರಿಗೆ ನೆಲವು, ಕಾಳಿಗೆ ವಾಡೆ, ಜೋಳಕ್ಕೆ ಹಗೇವು. ಮಳೆಗಾಲಕ್ಕೆ ಮುಂಚೆ ಮಾಳಿಗೆಯ ಮೇಲೆ ಚೌಳು ಮಣ್ಣು ಹರಡಿ ಬಡಿಯುತ್ತಿದ್ದರು. ಮನೆಯೊಳಗೆ ಕಾಲಿಟ್ಟರೆ ಸಗಣಿ ಸಾರಿಸಿದ ನೆಲದ ತಂಪು, ದೀಪದ ಗೂಡಿನಿಂದ ಹರಳೆಣ್ಣೆಯ ಕಮಟು ವಾಸನೆ. ಯಾವುದನ್ನು ಎಲ್ಲಿ ಇಡಬೇಕು ಅನ್ನುವ ಪ್ರಶ್ನೆ ನನಗೆ ಬರಲೇ ಇಲ್ಲ. ಮನೆ ಕಟ್ಟಿದವರು ಅದನ್ನು ಗೋಡೆ ಎಬ್ಬಿಸುವಾಗಲೇ ತೀರ್ಮಾನಿಸಿಬಿಟ್ಟಿದ್ದರು.

ಪಡಸಾಲೆಗೆ ಒಂದೇ ಹೆಸರು, ಕೆಲಸ ಮಾತ್ರ ಹೊತ್ತಿಗೊಂದು. ಬೆಳಗ್ಗೆ ಅಲ್ಲಿ ಮಾವನವರು ಜಮಖಾನದ ಮೇಲೆ ಕೂತು ಬಂದವರ ಜತೆ ಮಾತಾಡುತ್ತಿದ್ದರು. ಮಧ್ಯಾಹ್ನ ಅದೇ ಜಾಗದಲ್ಲಿ ಮಣೆ ಹಾಕಿ ಊಟ. ಇಳಿಹೊತ್ತಿಗೆ ನಾವು ಹೆಂಗಸರು ಮೊರ ಹಿಡಿದು ಶೇಂಗಾ ಸುಲಿಯುತ್ತಾ ಕೂರುತ್ತಿದ್ದೆವು. ರಾತ್ರಿ ಚಾಪೆ, ಕಂಬಳಿ ಬಿಚ್ಚಿದರೆ ಮಲಗುವ ಕೋಣೆ. ತವರಿನಿಂದ ತಂದ ತಗಡಿನ ಟ್ರಂಕನ್ನು (22 ರೂಪಾಯಿಯದು, ಮೇಲೆ ಕೆಂಪು ಗುಲಾಬಿ ಬಿಡಿಸಿತ್ತು) ನಾನು ಪಡಸಾಲೆಯಲ್ಲಿ ಎಲ್ಲರಿಗೂ ಕಾಣುವ ಹಾಗೆ ಇಟ್ಟಿದ್ದೆ. ಅತ್ತೆಯವರು ಏನೂ ಅನ್ನಲಿಲ್ಲ. ಊಟದ ಹೊತ್ತಿಗೆ ಅದನ್ನು ಕಾಲಿಂದ ಮೆಲ್ಲಗೆ ಗೋಡೆಗೆ ಸರಿಸಿ, ಆ ಜಾಗಕ್ಕೆ ಒಂದು ಮಣೆ ಹಾಕಿದರು. ಹತ್ತೊಂಬತ್ತರ ವಯಸ್ಸು, ನನಗೆ ಆ ಗುಲಾಬಿಯೇ ದೊಡ್ಡದು.

ಮನೆಯನ್ನು ಕೆಲಸಕ್ಕೆ ತಕ್ಕ ಹಾಗೆ ಜೋಡಿಸುವುದನ್ನು ನಾನು ನೋಡಿದ್ದು ತವರಿನಲ್ಲಿ, ಮೊಳಕಾಲ್ಮೂರಿನಲ್ಲಿ. ಅಲ್ಲಿ ರೇಷ್ಮೆ ಸೀರೆ ನೇಯುವ ಮನೆಗಳಲ್ಲಿ ಮೊದಲ ಜಾಗ ಮಗ್ಗಕ್ಕೆ, ಉಳಿದದ್ದು ಮನುಷ್ಯರಿಗೆ. ನೆಲದಲ್ಲಿ ಗುಂಡಿ, ಗುಂಡಿಯೊಳಗೆ ಕಾಲು ಇಳಿಬಿಟ್ಟು ಅಂಚಿನ ಮೇಲೆ ಕೂತು ನೇಯಬೇಕು. ಬೆಳಕಿಂಡಿಯ ಬೆಳಕು ನೇಯುವವರ ಕೈಗೇ ಬೀಳಬೇಕು. ನಮ್ಮ ಸೋದರಮಾವ ಮಗ್ಗದ ಮೇಲೆ ಜಕಾರ್ಡ್ ಪೆಟ್ಟಿಗೆ ಕೂರಿಸುವ ಮೊದಲು ಗಳ ಹಿಡಿದು ನೆಲದಿಂದ ಜಂತೆಯವರೆಗೆ ಅಳೆದರು, ಇದ್ದಿಲಲ್ಲಿ ಗೋಡೆಗೆ ಗೆರೆ ಹಾಕಿದರು, ಒಂದು ಗೇಣು ಸಾಲದು ಅಂತ ಕಂಡಿತು. ಮಾಳಿಗೆ ಎತ್ತರಿಸಲು ದುಡ್ಡಿರಲಿಲ್ಲ, ನೆಲವನ್ನೇ ಒಂದು ಗೇಣು ಇಳಿಸಿದರು. ಪೆಟ್ಟಿಗೆ ಮನೆಗೆ ಬಂದದ್ದು ಆಮೇಲೆ.

ನಮ್ಮ ರಾಯದುರ್ಗದ ಮನೆಗೆ ಮೊದಲ ಬೀರು ಬಂದಾಗ ಹಾಗೆ ಯಾರೂ ಅಳೆಯಲಿಲ್ಲ. 1978ರಲ್ಲಿ ನಮ್ಮ ಯಜಮಾನರು ಬಳ್ಳಾರಿಯಲ್ಲಿ 720 ರೂಪಾಯಿಗೆ ಕೊಂಡು, ಆಗಿನ ಮೀಟರ್ ಗೇಜ್ ರೈಲಿಗೆ ಹಾಕಿಸಿದರು. ಸ್ಟೇಷನ್ನಿಂದ ಎತ್ತಿನ ಗಾಡಿ, ಬಾಡಿಗೆ ಮೂರು ರೂಪಾಯಿ. ಬೀದಿಯವರೆಲ್ಲ ಬಂದು ಕೈ ಹಾಕಿದರು. ತಲೆಬಾಗಿಲು ಹೇಗೋ ದಾಟಿತು. ನಡುಮನೆಯ ಬಾಗಿಲು ಮಾತ್ರ ಹಳೆಯ ಕಾಲದ್ದು, ತಲೆ ತಗ್ಗಿಸಿಯೇ ಹೋಗಬೇಕಾದದ್ದು. ಬೀರು ಅಡ್ಡ ಮಲಗಿಸಿದರೂ ತಿರುಗಲಿಲ್ಲ. ಕೊನೆಗೆ ಅದು ಪಡಸಾಲೆಯಲ್ಲೇ ನಿಂತಿತು. ದೀಪದ ಗೂಡು ಅದರ ಹಿಂದೆ ಮುಚ್ಚಿಹೋಯಿತು, ಊಟದ ಪಂಕ್ತಿ ಎರಡು ಎಲೆಯಷ್ಟು ಚಿಕ್ಕದಾಯಿತು. ಒಂದು ಕಬ್ಬಿಣದ ಪೆಟ್ಟಿಗೆ ಇಡೀ ಮನೆಯ ನಡೆದಾಟವನ್ನು ಬದಲಿಸುವುದನ್ನು ನಾನು ಆಗ ಕಂಡೆ.

ಮೂರು ವರ್ಷದ ಹಿಂದೆ ಮಗ ಬಳ್ಳಾರಿಯಲ್ಲಿ ಅಪಾರ್ಟ್‌ಮೆಂಟ್ ಕೊಂಡ. ನಮ್ಮ ಕಡೆಯವರಿಗೆ ಬಳ್ಳಾರಿ ಪರಊರಲ್ಲ. ಮದ್ರಾಸ್ ಪ್ರಾಂತ್ಯದ ಕಾಲದಲ್ಲಿ ರಾಯದುರ್ಗ ಬಳ್ಳಾರಿ ಜಿಲ್ಲೆಯ ತಾಲ್ಲೂಕೇ ಆಗಿತ್ತು. 1953ರ ಅಕ್ಟೋಬರ್ 1ಕ್ಕೆ ಆಂಧ್ರ ರಾಜ್ಯ ಆದಾಗ ಆದೋನಿ, ಆಲೂರು, ರಾಯದುರ್ಗ ಆ ಕಡೆಗೆ ಹೋದವು, ಬಳ್ಳಾರಿ ಮೈಸೂರಿಗೆ ಸೇರಿತು. ನಾವು ಅನಂತಪುರ ಜಿಲ್ಲೆಯವರಾದೆವು. ಆದರೂ ಆಸ್ಪತ್ರೆಗೆ, ಮದುವೆ ಜವಳಿಗೆ, ಬೀರುವಿಗೆ ಬಳ್ಳಾರಿಯೇ. ಹಾಗಾಗಿ ಊರು ಬದಲಾಗುವ ಚಿಂತೆ ನಮಗೆ ಇರಲಿಲ್ಲ. ಚಿಂತೆ ಇದ್ದದ್ದು ಅಳತೆಯದು.

ಮಾರುವವರು ಮೊದಲು 1150 ಚದರಡಿ ಅಂದರು. ಅದರಲ್ಲಿ ಮೆಟ್ಟಿಲು, ಲಿಫ್ಟು, ಓಣಿ ಎಲ್ಲದರ ಪಾಲೂ ಸೇರಿತ್ತು. ಮಗ ಕಾರ್ಪೆಟ್ ಏರಿಯಾ ಹೇಳಿ ಅಂತ ಪಟ್ಟು ಹಿಡಿದ. ಹೊರಗೋಡೆ, ಬಾಲ್ಕನಿ ಬಿಟ್ಟು, ಒಳಗಿನ ಅಡ್ಡಗೋಡೆ ಸೇರಿಸಿ ನಮ್ಮ ಬಳಕೆಗೆ ಸಿಗುವ ನೆಲ ಅದು. 2016ರ ರೇರಾ ಕಾಯ್ದೆ ಬಂದ ಮೇಲೆ ಅದನ್ನು ತಿಳಿಸಲೇಬೇಕು. 790 ಬಂತು. ಮೊಮ್ಮಗಳು ತನ್ನ ಗ್ರಾಫ್ ಹಾಳೆ ತಂದಳು, ಒಂದಡಿಗೆ ಎರಡು ಚೌಕ. ಟೇಪು ಹಿಡಿದು ಹೋಗಿ ಕೋಣೆಗಳನ್ನಷ್ಟೇ ಅಲ್ಲ, ಬಾಗಿಲು ಯಾವ ಕಡೆ ತೆರೆಯುತ್ತದೆ, ಕಿಟಕಿಯ ಕೆಳಗೆ ಎಷ್ಟು ಗೋಡೆ ಇದೆ, ಸ್ವಿಚ್ಚು ಎಲ್ಲಿದೆ, ಲಿಫ್ಟಿನ ಬಾಗಿಲು ಎಷ್ಟಗಲ ಎಲ್ಲ ಬರೆದುಕೊಂಡು ಬಂದೆವು. ಹಳೆಯ ಲಗ್ನಪತ್ರಿಕೆಗಳ ರಟ್ಟು ಕತ್ತರಿಸಿ ಮಂಚ, ಬೀರು, ಸೋಫಾ, ಫ್ರಿಜ್ಜು ಮಾಡಿದಳು. ‘ಅಜ್ಜಿ, ಇದು ನಿಮ್ಮ ಮಂಚ, ಎಲ್ಲಿಡಲಿ?’ ಅಂದಳು. ಯಾರದೋ ಮದುವೆಯ ಗಣಪತಿ ಆ ಮಂಚದ ಮೇಲೆ ಕೂತಿದ್ದ.

ನಮ್ಮ ಕೋಣೆ ಹತ್ತಡಿ ಅಗಲ, ಹನ್ನೊಂದಡಿ ಉದ್ದ. ಮಗ ಆರಡಿ ಅಗಲದ ಡಬಲ್ ಕಾಟ್ ಹೇಳಿದ. ರಟ್ಟು ಇಟ್ಟು ನೋಡಿದರೆ ಎರಡೂ ಪಕ್ಕದಲ್ಲಿ ಎರಡೆರಡೇ ಅಡಿ. ಕಾಲ ಬುಡದಲ್ಲಿ ನಾಲ್ಕೂವರೆ, ಅದರಲ್ಲಿ ಬೀರು ಎರಡಡಿ ತಿಂದರೆ ಉಳಿದ ಎರಡೂವರೆಯಲ್ಲಿ ಬೀರುವಿನ ಬಾಗಿಲೂ ತೆರೆಯಬೇಕು, ಮನುಷ್ಯರೂ ನಿಲ್ಲಬೇಕು. ನಮ್ಮ ಯಜಮಾನರು ರಾತ್ರಿ ಎರಡು ಸಲ ಏಳುವವರು. ನಾನು ಮೂರಡಿಯ ಎರಡು ಮಂಚ ಬೇರೆ ಬೇರೆ ಹಾಕಿಸು ಅಂದೆ, ಒಂದೊಂದು ಗೋಡೆಗೆ ಒಂದೊಂದು. ನಡುವೆ ನಾಲ್ಕಡಿ ಖಾಲಿ ನೆಲ ಬಂತು. ಆಚಾರರು ಒಂದಕ್ಕೆ 9,500 ತಗೊಂಡರು. ಸೊಸೆಗೆ ಮೊದಲು ಅದು ಆಸ್ಪತ್ರೆಯ ವಾರ್ಡಿನ ಹಾಗೆ ಕಂಡಿತಂತೆ. ನಾಲ್ಕಡಿಯಲ್ಲಿ ಯಜಮಾನರು ಕೋಲು ಊರಿ ಸಲೀಸಾಗಿ ತಿರುಗುವುದನ್ನು ನೋಡಿದ ಮೇಲೆ ಅವಳೇ ತನ್ನ ತಂದೆ ತಾಯಿಗೂ ಹಾಗೆ ಮಾಡಿಸಿದಳು.

ಅಡುಗೆಮನೆಗೆ ನಾನು ಬಹಳ ಹೊತ್ತು ಕೂತೆ. ನಮ್ಮದು ಮುದ್ದೆಯ ಮನೆ. ಹಳೆಯ ಮನೆಯಲ್ಲಿ ಒಲೆ ನೆಲದ ಮೇಲೆ. ಹಿಟ್ಟು ಬೆಂದ ಮೇಲೆ ಗಡಿಗೆ ಇಳಿಸಿ, ಕವೆಗೋಲು ಹಾಕಿ ಕಾಲಿಂದ ಒತ್ತಿ ಹಿಡಿದು, ಎರಡೂ ಕೈಯಲ್ಲಿ ಮುದ್ದೆಕೋಲು ತಿರುವುತ್ತಿದ್ದೆ. ಬಲವೆಲ್ಲ ಮೈಯ ಭಾರದಿಂದ ಬರುತ್ತಿತ್ತು, ರಟ್ಟೆಯಿಂದಲ್ಲ. ಅಪಾರ್ಟ್‌ಮೆಂಟಿನ ಕಟ್ಟೆ 34 ಇಂಚು. ಅದರ ಮೇಲೆ ಗ್ಯಾಸ್ ಒಲೆ ಐದಿಂಚು, ಪಾತ್ರೆ ಒಂಬತ್ತಿಂಚು, ಒಟ್ಟು ನಾಲ್ಕಡಿ. ನನ್ನ ಹೆಗಲೇ ಅಷ್ಟೆತ್ತರ. ಹೆಗಲ ಮಟ್ಟದಲ್ಲಿ ಮುದ್ದೆ ತಿರುವಿದವರು ಯಾರೂ ಇಲ್ಲ. ಮೇಸ್ತ್ರಿಗೆ ಹೇಳಿ ಕಟ್ಟೆಯ ಕೊನೆಯಲ್ಲಿ ಎರಡೂವರೆ ಅಡಿಯಷ್ಟು ಕಲ್ಲನ್ನು 24 ಇಂಚಿಗೆ ಇಳಿಸಿ ಹಾಕಿಸಿದೆ. ಒಲೆ ಮೇಲಿನ ಕಟ್ಟೆಯಲ್ಲೇ. ಪಾತ್ರೆಯನ್ನು ಕೆಳಗಿನ ಕಲ್ಲಿಗೆ ಇಳಿಸಿಕೊಂಡರೆ ಬಾಯಿ ಸೊಂಟದ ಮಟ್ಟಕ್ಕೆ ಬರುತ್ತದೆ. ಕವೆಗೋಲು ಸಿಕ್ಕಿಸಲು ಗೋಡೆಗೆ ಎರಡು ಕಬ್ಬಿಣದ ಕೊಂಡಿ ಹೊಡೆಸಿದೆವು. ಮೇಸ್ತ್ರಿ 2,800 ಕೇಳಿದ, ಕೊಟ್ಟೆ. ಸ್ಟೂಲ್ ಹಾಕಿಕೊಂಡು ಕೂತರೆ ಜೋಳದ ರೊಟ್ಟಿ ತಟ್ಟಲೂ ಅದೇ ಕಲ್ಲು. ಪಕ್ಕದ ಮೂರಡಿ ನೆಲದಲ್ಲಿ ಯಾವ ಕಪಾಟೂ ಬೇಡ ಅಂದೆ, ಅಲ್ಲಿ ಈಳಿಗೆ ಮಣೆ. ಬದನೆಕಾಯಿಯನ್ನು ನಾನು ಇವತ್ತಿಗೂ ಈಳಿಗೆಯಲ್ಲೇ ಹೆಚ್ಚುವುದು.

ಬರಲಾಗದವು ಬರಲಿಲ್ಲ. ಒಳಕಲ್ಲು ನೆಲದಲ್ಲೇ ಹೂತದ್ದು, ಮನೆ ಕೊಂಡವರಿಗೇ ಹೋಯಿತು. ಬೀಸುಕಲ್ಲನ್ನು ಎದುರುಮನೆಯವರು ಕೇಳಿ ಒಯ್ದರು. ತೊಟ್ಟಿಲ ಸರಪಳಿ ಮಾತ್ರ ಕಟ್ಟಿಕೊಂಡು ಬಂದೆ. ತೊಲೆ ಇದ್ದ ಮನೆಯಲ್ಲಿ ಎಲ್ಲಿ ಬೇಕಾದರೂ ಹಾಕಬಹುದಿತ್ತು. ಇಲ್ಲಿ ಕೆಳಗೆ ತೆಳ್ಳನೆಯ ಫಾಲ್ಸ್ ಸೀಲಿಂಗ್ ಮಾಡುವ ಮುಂಚೆಯೇ ಕಾಂಕ್ರೀಟಿಗೆ ಕೊಕ್ಕೆ ಕೂರಿಸಿಕೊಳ್ಳಬೇಕು, ಆಮೇಲೆ ಆಗದು. ಹಾಲಿನಲ್ಲಿ ಒಂದು ಕೊಕ್ಕೆ ಹಾಕಿಸಿದೆವು. ಬೀರು ಲಿಫ್ಟಿಗೆ ಹಿಡಿಸದು ಅಂತ ಮೊದಲೇ ಗೊತ್ತಿದ್ದರಿಂದ ಮೆಟ್ಟಿಲ ಮೇಲೆ ಹೊರುವ ಕೂಲಿ ಮಾತಾಡಿಯೇ ಕರೆತಂದೆವು. ಈ ಸಲ ಅದು ಸೀದಾ ಒಳಕೋಣೆಗೆ ಹೋಯಿತು.

ಹಾಲಿಗೆ ಸೋಫಾ ಒಂದೇ, ದಿವಾನ ಬೇಡ, ನಡುವೆ ಟೀಪಾಯಿ ಬೇಡ ಅಂದಾಗ ಮಗನಿಗೆ ಬೇಸರವಾಗಿತ್ತು. ಹೋದ ಯುಗಾದಿಗೆ ಮೊಳಕಾಲ್ಮೂರಿನಿಂದ ತಮ್ಮನ ಮನೆಯವರೆಲ್ಲ ಬಂದರು. ಎಲೆ ಹಾಕಿ ಎರಡು ಸಾಲು ಕೂತು ಹೋಳಿಗೆ ಉಂಡರು, ರಾತ್ರಿ ಅಲ್ಲೇ ಜಮಖಾನ ಹಾಸಿ ಮಲಗಿದರು, ತಮ್ಮನ ಮೊಮ್ಮಗ ಸರಪಳಿಯ ತೊಟ್ಟಿಲಲ್ಲಿ. ಈಗ ಮಗನಿಗೆ ಗೋಡೆ ತುಂಬ ಟೀವಿ ಯೂನಿಟ್ ಮಾಡಿಸುವ ಆಸೆ ಬಂದಿದೆ. ಮಾಡಿಸಲಿ, ಅವನ ಮನೆ, ಅವನ ಕಾಲ. ಗ್ರಾಫ್ ಹಾಳೆ ಬೀರುವಿನಲ್ಲಿದೆ, ಎಷ್ಟಗಲ ಎಷ್ಟುದ್ದ ಹೇಳು, ರಟ್ಟು ಕತ್ತರಿಸಿ ಇಟ್ಟು ನೋಡೋಣ ಅಂದಿದ್ದೇನೆ.