ಚಳಿಗಾಲದ ನಸುಕೂ ನಮ್ಮ ಮನೆಯ ಮೋಟಾರು ಸೈಕಲ್ಲೂ

ರಾಯಚೂರು ಸೀಮೆಯೆಂದೊಡನೆ ಜನರು ಬಿಸಿಲಿನ ಮಾತನ್ನೇ ಎತ್ತುತ್ತಾರೆ. ನಾನು ನಮ್ಮ ಶಾಲೆಯ ಹಾಸ್ಟೆಲಿನಲ್ಲಿದ್ದ ಕಾಲದಲ್ಲಿ ಬೇರೆ ಜಿಲ್ಲೆಗಳ ಗೆಳತಿಯರು, "ನಿಮ್ಮ ಕಡೆ ಚಳಿಗಾಲವೆಂಬುದೊಂದು ಉಂಟೇನೇ?" ಎಂದು ನಗೆಯಾಡುತ್ತಿದ್ದರು. ಉಂಟು. ಸಿಂಧನೂರು, ಮಸ್ಕಿ, ಲಿಂಗಸುಗೂರುಗಳ ನಡುವಣ ಎರೆಭೂಮಿಯ ಬಯಲಿನಲ್ಲಿ ಗಾಳಿಯನ್ನು ತಡೆಯತಕ್ಕ ಕಾಡುಗಳು ಹೆಚ್ಚಾಗಿಲ್ಲ. ಡಿಸೆಂಬರು ಜನವರಿಗಳ ನಸುಕಿನಲ್ಲಿ ಹಿಂಗಾರಿ ಜೋಳದ ಎಲೆಗಳಿಂದ ಇಬ್ಬನಿಯು ಹನಿಹನಿಯಾಗಿ ಜಾರುತ್ತಿರುತ್ತದೆ. ಗೊರೇಬಾಳದ ನಮ್ಮ ಮನೆಯ ಅಂಗಳದಲ್ಲಿ ನಿಲ್ಲಿಸಿದ ಮೋಟಾರು ಸೈಕಲ್ಲಿನ ಸೀಟಿನ ಮೇಲೆ ಬೆರಳಿನಿಂದ ಹೆಸರು ಬರೆಯುವಷ್ಟು ಮಂಜು ಕೂಡಿರುತ್ತಿತ್ತು. ಹಿಮ ಬೀಳುವ ದೇಶದವರಿಗೆ ಇದು ಚಳಿಯೆನಿಸಲಾರದು. ಆ ಗಾಡಿಗೆ ಅಷ್ಟೇ ಸಾಕಾಗಿತ್ತು.

ಗಾಡಿಯು ಯೆಜ್ಡಿ. ಇದರ ಮೂಲ ನಿಜವಾಗಿ ಹಿಮದ ನಾಡಿನದು. ಪ್ರಾಗ್ ನಗರದ ಯಾನೆಚೆಕ್ ಎಂಬವರು 1929ರಲ್ಲಿ ವಾಂಡರರ್ ಎಂಬ ಜರ್ಮನ್ ಕಂಪೆನಿಯ ಮೋಟಾರು ಸೈಕಲ್ಲನ್ನು ತಯಾರಿಸತೊಡಗಿ, ಎರಡು ಹೆಸರುಗಳ ಮೊದಲ ಅಕ್ಷರಗಳನ್ನು ಕೂಡಿಸಿ ಜಾವಾ ಎಂದು ಕರೆದರು. ಅದೇ ಜಾವಾ 1961ರಿಂದ ನಮ್ಮ ಮೈಸೂರಿನಲ್ಲಿ ತಯಾರಾಗತೊಡಗಿ, 1970ರ ದಶಕದಲ್ಲಿ ಯೆಜ್ಡಿಯೆಂಬ ಹೆಸರನ್ನು ತಳೆಯಿತು. ಆ ಕಾರ್ಖಾನೆಯು 1996ರಲ್ಲಿ ಮುಚ್ಚಿಹೋಯಿತು. ನಮ್ಮ ತಂದೆಯವರು ಕೊಂಡದ್ದು ಇನ್ನೊಬ್ಬರು ಓಡಿಸಿ ಬಿಟ್ಟ ಹಳೆಯ ಗಾಡಿ.

ನಮ್ಮ ತಾಯಿಯವರು ಸರಕಾರದ ದಾದಿಯಾಗಿದ್ದರು. ಹೆರಿಗೆಗಳು ಗಡಿಯಾರವನ್ನು ನೋಡಿ ಬರುವುದಿಲ್ಲವೆಂಬುದನ್ನು ಈ ಸಂಚಿಕೆಯನ್ನು ಓದುವ ತಾಯಂದಿರಿಗೆ ನಾನು ಹೇಳಬೇಕಾಗಿಲ್ಲ. ರಾತ್ರಿ ಎರಡು ಗಂಟೆಗೋ ನಾಲ್ಕು ಗಂಟೆಗೋ ಯಾರಾದರೂ ಲಾಟೀನು ಹಿಡಿದು ಬಂದು ಬಾಗಿಲು ತಟ್ಟಿದರೆ, ತಂದೆಯವರು ಗಾಡಿಯನ್ನು ಹೊರಡಿಸಬೇಕು, ತಾಯಿಯವರು ಚೀಲವನ್ನು ಮಡಿಲಲ್ಲಿಟ್ಟುಕೊಂಡು ಹಿಂದೆ ಕುಳಿತುಕೊಳ್ಳಬೇಕು. 1987ರ ಕ್ರಿಸ್ಮಸ್ ರಜೆಗೆ ನಾನು ಮನೆಗೆ ಬಂದಾಗ ತಂದೆಯವರ ಎಡಮಂಡಿಗೆ ಪೆಟ್ಟಾಗಿತ್ತು. ಯೆಜ್ಡಿಯ ವಿಶೇಷವೇನೆಂದರೆ ಎಡಗಡೆಯ ಒಂದೇ ಸನ್ನೆ ಎರಡು ಕೆಲಸಗಳನ್ನು ಮಾಡುತ್ತದೆ: ಒಳಕ್ಕೆ ಒತ್ತಿ ಹಿಂದಕ್ಕೆ ತಿರುಗಿಸಿದರೆ ಕಿಕ್ಕು, ಮುಂದಕ್ಕೆ ಮಡಚಿದರೆ ಗೇರು. ಗೇರು ಬದಲಿಸುವಷ್ಟಕ್ಕೆ ಅವರ ಮಂಡಿ ಒಪ್ಪುತ್ತಿತ್ತು, ಒದೆಯುವುದಕ್ಕೆ ಒಪ್ಪುತ್ತಿರಲಿಲ್ಲ. ಆಗ ಒಂಬತ್ತನೆಯ ತರಗತಿಯಲ್ಲಿದ್ದ ನನ್ನನ್ನು ಕರೆದು, "ಬಾರವ್ವಾ, ಇದನ್ನ ನೀನು ಕಲಿ" ಎಂದರು.

ಓಣಿಯ ಹಿರಿಯರೊಬ್ಬರು ಕಟ್ಟೆಯ ಮೇಲಿನಿಂದ, "ಹೆಣ್ಣು ಹುಡುಗಿಯ ಕಾಲಿಗೆ ಅದು ಬಗ್ಗೂದಿಲ್ರೀ ಮಾಸ್ತರ" ಎಂದರು. ತಂದೆಯವರು ನಕ್ಕು, "ಕಾಲಿನ ಕೆಲಸ ಕಡೀಗೆ ಬರ್ತದ್ರಿ. ಮೊದಲು ತಲೀ ಕೆಲಸ" ಎಂದುತ್ತರಕೊಟ್ಟರು. ಇದು ಮಗಳನ್ನು ಹುರಿದುಂಬಿಸುವ ಮಾತು ಮಾತ್ರವಲ್ಲ. ಶಾಸ್ತ್ರೋಕ್ತವಾದ ಸತ್ಯವೂ ಹೌದು.

ಪೆಟ್ರೋಲು ದ್ರವರೂಪದಲ್ಲಿ ಉರಿಯುವುದಿಲ್ಲ. ಉರಿಯುವುದು ಗಾಳಿಯೊಡನೆ ಬೆರೆತ ಅದರ ಆವಿ. ಕಾರ್ಬ್ಯುರೇಟರ್ ಎಂಬ ಪುಟ್ಟ ಪಾತ್ರೆಯು ಈ ಬೆರಕೆಯನ್ನು ಮಾಡುತ್ತದೆ. ತೂಕದಲ್ಲಿ ಒಂದು ಪಾಲು ಪೆಟ್ರೋಲಿಗೆ ಸುಮಾರು 15 ಪಾಲು ಗಾಳಿ ಬೇಕು. ನಮ್ಮ ವಿಜ್ಞಾನದ ಉಪಾಧ್ಯಾಯಿನಿಯವರು ಎಂಟನೆಯ ತರಗತಿಯಲ್ಲಿ ನಮ್ಮೆಲ್ಲರ ಅಂಗೈಗಳ ಮೇಲೆ ಸ್ಪಿರಿಟ್ಟಿನ ಹನಿಗಳನ್ನು ಹಾಕಿ, ಕೈ ತಣ್ಣಗಾಗುವುದನ್ನು ತೋರಿಸಿಕೊಟ್ಟಿದ್ದರು. ಆವಿಯಾಗುವ ದ್ರವವು ಸುತ್ತಲಿನ ಶಾಖವನ್ನು ಹೀರಿಕೊಳ್ಳುತ್ತದೆಂಬ ಆ ಪಾಠವನ್ನು ನನ್ನ ಸಹಪಾಠಿನಿಯರು ಮರೆತಿರಲಾರರು. ಚಳಿಯ ಬೆಳಗ್ಗೆ ಇಂಜಿನಿನಲ್ಲಿ ಹೀರುವುದಕ್ಕೆ ಶಾಖವೇ ಇರುವುದಿಲ್ಲ. ಪೆಟ್ರೋಲಿನ ಬಹುಭಾಗ ಹನಿಯಾಗಿಯೇ ತಣ್ಣಗಿನ ಲೋಹಕ್ಕೆ ಅಂಟಿಕೊಳ್ಳುತ್ತದೆ. ಕಿಡಿಯ ಬಳಿಗೆ ತಲಪುವ ಆವಿ ಸಾಲದಾಗಿ, ಎಷ್ಟು ಒದೆದರೂ ಗಾಡಿ ಕೆಮ್ಮಿ ಸುಮ್ಮನಾಗುತ್ತದೆ. ಆದುದರಿಂದ ಆ ಹೊತ್ತಿನಲ್ಲಿ ವಾಡಿಕೆಗಿಂತ ಹೆಚ್ಚು ಪೆಟ್ರೋಲನ್ನು ಕೊಟ್ಟು, ಆವಿಯಾಗುವ ಅಲ್ಪಭಾಗವೇ ಸಾಕಾಗುವಂತೆ ಮಾಡಬೇಕು. ಬೇರೆ ಗಾಡಿಗಳಲ್ಲಿ ಇದಕ್ಕಾಗಿ ಚೋಕ್ ಎಂಬ ಸನ್ನೆಯಿರುತ್ತದೆ. ಅದು ಗಾಳಿಯನ್ನು ಕಡಮೆಮಾಡುವುದೋ ಪೆಟ್ರೋಲನ್ನು ಹೆಚ್ಚಿಸುವುದೋ, ಫಲ ಒಂದೇ. ಯೆಜ್ಡಿಯಲ್ಲಿ ಕಾರ್ಬ್ಯುರೇಟರಿನ ಮೇಲೆ ಸಣ್ಣದೊಂದು ಗುಂಡಿಯಿರುತ್ತದೆ. ಅದನ್ನು ಒತ್ತಿ ಹಿಡಿದರೆ ಒಳಗಿನ ತೇಲುಬುಂಡೆ ಕೆಳಗಿಳಿದು ಪೆಟ್ರೋಲು ಉಕ್ಕುತ್ತದೆ.

ನನ್ನ ಅಭ್ಯಾಸ ಹೀಗಿತ್ತು. ಪೆಟ್ರೋಲಿನ ಕಾಕನ್ನು ತಿರುಗಿಸುವುದು. ಬೆರಳು ತೇವವಾಗುವವರೆಗೆ ಗುಂಡಿಯನ್ನು ಒತ್ತುವುದು. ಕೀಲಿಯನ್ನು ಹಾಕದೆಯೇ ಎರಡು ಮೂರು ಸಾರಿ ಮೆಲ್ಲಗೆ ಒದೆಯುವುದು. ಈ ಕೊನೆಯದರ ಅರ್ಥ ಅನೇಕರಿಗೆ ತಿಳಿಯದು. ಯೆಜ್ಡಿಯಂಥ ಎರಡು ಹೊಡೆತದ ಇಂಜಿನಿನಲ್ಲಿ ಬೆರಕೆಯು ಮೊದಲು ಪಿಸ್ಟನ್ನಿನ ಕೆಳಗಡೆಯ ಕೋಣೆಗೆ ಹೋಗಿ, ಅಲ್ಲಿಂದ ಮೇಲಕ್ಕೆ ಬರಬೇಕು. ಆ ಕೋಣೆ ತುಂಬುವ ಮುಂಚೆ ಕಿಡಿ ಹಾರಿಸಿ ಪ್ರಯೋಜನವಿಲ್ಲ. ಆಮೇಲೆ ಕೀಲಿ ಹಾಕಿ, ಆಕ್ಸಿಲರೇಟರನ್ನು ಕೊಂಚವೇ ತೆರೆದು, ಒಂದೇ ಒದೆತವನ್ನು ಕೊನೆಯವರೆಗೂ ಬಿಡದೆ ಒದೆಯತಕ್ಕದ್ದು. ಎರಡು ಹೊಗೆಕೊಳವೆಗಳಿಂದ ನೀಲಿ ಹೊಗೆ ಬಂದು ಅಂಗಳವೆಲ್ಲ ತುಂಬುತ್ತಿತ್ತು. ತಾಯಿಯವರು ಸೆರಗನ್ನು ಮೂಗಿಗೆ ಹಿಡಿದು, ಬಯ್ಯುತ್ತಲೇ ಏರಿ ಕೂಡುತ್ತಿದ್ದರು.

ಆ ರಜೆಯ ಒಂದು ನಸುಕಿನ ಮಾತು. ಕಾಲುವೆಯಾಚೆಯ ಕ್ಯಾಂಪೊಂದರಿಂದ ಚೊಚ್ಚಲ ಬಸುರಿಯ ಅಣ್ಣನು ಸೈಕಲ್ ತುಳಿದುಕೊಂಡು ಬಂದನು. ನಾನು ಎದ್ದು ಮುಖ ತೊಳೆಯುವಷ್ಟರಲ್ಲಿ, ನೆರೆಮನೆಯ ತರುಣನೊಬ್ಬನು ಸಹಾಯಕ್ಕೆಂದು ಬಂದು, ಗುಂಡಿಯನ್ನು ಬಹಳ ಹೊತ್ತು ಒತ್ತಿ ಹಿಡಿದು, ಇಪ್ಪತ್ತು ಸಾರಿಯಾದರೂ ಒದೆದಿದ್ದನು. ಬಲವಾದ ಆಳು, ಸದುದ್ದೇಶದಲ್ಲಿ ಕೊರತೆಯಿರಲಿಲ್ಲ. ಗಾಡಿಯು ಮಾತ್ರ ಪೆಟ್ರೋಲು ಕುಡಿದು ಮುಳುಗಿಹೋಗಿತ್ತು. ಪ್ಲಗ್ಗು ಒದ್ದೆಯಾದ ಮೇಲೆ ಕಿಡಿ ಹಾರುವುದಿಲ್ಲ. ಮತ್ತೆ ಒದೆದಷ್ಟೂ ಇನ್ನಷ್ಟು ಒದ್ದೆ. ಬಂದ ಹುಡುಗನು ನಿಂತಲ್ಲಿ ನಿಲ್ಲಲಾರದೆ, ನಡೆದಾದರೂ ಹೋಗೋಣ ಬನ್ನಿರಮ್ಮಾ ಎಂದು ನಮ್ಮ ತಾಯಿಯವರನ್ನು ಬೇಡಿಕೊಳ್ಳುತ್ತಿದ್ದನು. ತಂದೆಯವರು ಏನೂ ಹೇಳದೆ ಪಾನಾವನ್ನು ನನ್ನ ಕೈಗೆ ಕೊಟ್ಟರು. ನಾನು ಕಾಕನ್ನು ಮುಚ್ಚಿ, ಪ್ಲಗ್ಗನ್ನು ಬಿಚ್ಚಿ, ಆಕ್ಸಿಲರೇಟರನ್ನು ಪೂರ್ತಿ ತೆರೆದು ಹತ್ತು ಸಾರಿ ಒದೆದು ಒಳಗಿನ ಪೆಟ್ರೋಲನ್ನು ಹೊರದೂಡಿದೆನು. ಪ್ಲಗ್ಗನ್ನು ಬಟ್ಟೆಯಿಂದ ಚೆನ್ನಾಗಿ ಒರಸಿ, ಅಡಿಗೆಮನೆಗೆ ಒಯ್ದು, ಒಲೆಯ ಕೆಂಡದ ಮೇಲೆ ಇಕ್ಕಳದಿಂದ ಹಿಡಿದು ಕಾಯಿಸಿ ತಂದು ಹಾಕಿದೆನು. ಬಿಸಿ ಪ್ಲಗ್ಗಿಗೆ ಎರಡನೆಯ ಒದೆತವೇ ಸಾಕಾಯಿತು. ಅಷ್ಟು ಹೊತ್ತಿಗೆ ಮೂಡಣ ಬೆಳ್ಳಗಾಗಿತ್ತು. ತಾಯಿಯವರು ಮಧ್ಯಾಹ್ನ ಮರಳಿ ಬಂದು, "ಹೆಣ್ಣು ಕೂಸು, ಕಾಲು ಮುಂದಾಗಿ ಬಂತು, ಇನ್ನರ್ಧ ತಾಸು ತಡ ಆಗಿದ್ದರ ಎರಡೂ ಜೀವಕ್ಕ ಕಷ್ಟಿತ್ತು" ಎಂದು ಹೇಳಿ, ಬಿಸಿನೀರು ಕೇಳಿ ಮಲಗಿಬಿಟ್ಟರು. ಕಟ್ಟೆಯ ಹಿರಿಯರು ಮರುದಿನದಿಂದ ನನ್ನನ್ನು "ಮಿಸ್ತ್ರಿ" ಎಂದು ಕರೆಯತೊಡಗಿದರು.

ಎರಡು ಹೊಡೆತದ ಇಂಜಿನಿಗೆ ಪೆಟ್ರೋಲಿನಲ್ಲಿಯೇ ಎಣ್ಣೆ ಬೆರಸಬೇಕಾದ್ದರಿಂದ, ಲೀಟರಿಗೆ ಸುಮಾರು 40 ಮಿಲಿಲೀಟರಿನಂತೆ ಬೆರಸಿದ ಒಂದು ಡಬ್ಬವು ನಮ್ಮ ಮನೆಯಲ್ಲಿ ಯಾವಾಗಲೂ ಸಿದ್ಧವಾಗಿರುತ್ತಿತ್ತು. ಹತ್ತು ಮಂದಿ ಕನ್ನಿಕೆಯರ ಸಾಮ್ಯವನ್ನು ತಂದೆಯವರು ಈ ಡಬ್ಬಕ್ಕೆ ಅನ್ವಯಿಸಿ ಹೇಳುತ್ತಿದ್ದುದನ್ನು ನಮ್ಮ ಸಭೆಯ ಅಯ್ಯನವರು ಮೆಚ್ಚುತ್ತಿದ್ದರೋ ಇಲ್ಲವೋ ಕಾಣೆ.

ಈಗಿನ ಹೆಣ್ಣುಮಕ್ಕಳಿಗೆ ಈ ಕಷ್ಟವಿಲ್ಲ. 2020ರ ಏಪ್ರಿಲ್ ಒಂದರಿಂದ ಹೊಗೆಯ ವಿಷಯದಲ್ಲಿ ಬಿಗಿಯಾದ ಬಿ.ಎಸ್. 6 ನಿಯಮವು ಜಾರಿಗೆ ಬಂದಮೇಲೆ ಹೊಸ ಮೋಟಾರು ಸೈಕಲ್ಲುಗಳಲ್ಲಿ ಕಾರ್ಬ್ಯುರೇಟರು ಹೆಚ್ಚುಕಡಮೆ ಕಾಣೆಯಾಗಿದೆ. ಇಂಜಿನಿನ ಬಿಸಿಯನ್ನು ಒಂದು ಸಂವೇದಕವು ಅಳೆದು, ಎಷ್ಟು ಪೆಟ್ರೋಲು ಬೇಕೆಂಬುದನ್ನು ಯಂತ್ರವೇ ಲೆಕ್ಕ ಹಾಕುತ್ತದೆ. ಯೆಜ್ಡಿಯ ಹೆಸರು 2022ರಲ್ಲಿ ಮರಳಿ ಬಂದಿದೆ, ಗುಂಡಿಯು ಬಂದಿಲ್ಲ. ನನಗೆ ಇದರಿಂದ ದುಃಖವಿಲ್ಲ. ನಸುಕಿನಲ್ಲಿ ಬಾಗಿಲು ತಟ್ಟಿದವರಿಗೆ ಬೇಕಾದದ್ದು ಬೇಗ ಹೊರಡುವ ಗಾಡಿಯೇ ಹೊರತು ನನ್ನ ವಿದ್ಯೆಯಲ್ಲ.

ಆದರೂ ನಮ್ಮ ಹಳ್ಳಿಗಳ ಅಂಗಳಗಳಲ್ಲಿ ಹಳೆಯ ಗಾಡಿಗಳು ಇನ್ನೂ ನಿಂತಿವೆ. ಅಂಥದೊಂದು ಮನೆಯಲ್ಲಿದ್ದರೆ ನಮ್ಮ ತಂದೆಯವರ ಒಂದು ಪದ್ಧತಿಯನ್ನು ಹೇಳುತ್ತೇನೆ. ಸಂಜೆ ಮನೆಗೆ ಬರುವಾಗ ಕೊನೆಯ ಫರ್ಲಾಂಗಿನಲ್ಲಿಯೇ ಅವರು ಕಾಕನ್ನು ಮುಚ್ಚಿಬಿಡುತ್ತಿದ್ದರು. ಕಾರ್ಬ್ಯುರೇಟರಿನಲ್ಲಿ ಉಳಿದ ಪೆಟ್ರೋಲಿನಿಂದ ಗಾಡಿಯು ಅಂಗಳದವರೆಗೆ ಬಂದು ತಾನಾಗಿಯೇ ನಿಲ್ಲುತ್ತಿತ್ತು. ಹಾಗೆ ಮಾಡದಿದ್ದರೆ, ಗಾಡಿ ಕೆಲವು ದಿನ ನಿಂತಾಗ ಪೆಟ್ರೋಲು ಆರಿಹೋಗಿ, ಎಣ್ಣೆಯು ಮಾತ್ರ ಉಳಿದು ಸಣ್ಣ ರಂಧ್ರಗಳಲ್ಲಿ ಅಂಟಿಕೊಳ್ಳುತ್ತದೆ. ಬರಿದಾದ ಪಾತ್ರೆಗೆ ಬೆಳಗ್ಗೆ ಹೊಸ ಪೆಟ್ರೋಲು ಇಳಿಯುತ್ತದೆ. ಅದು ಇಳಿಯುವುದಕ್ಕೆ ಅರ್ಧ ನಿಮಿಷ ಕಾದು, ಆಮೇಲೆ ಗುಂಡಿಯನ್ನು ಒತ್ತಬೇಕು.