ಫೈಲು ಎಂಬ ದಾರ

ಕಳೆದ ಸೆಮಿಸ್ಟರಿನಲ್ಲಿ ಸ್ನಾತಕೋತ್ತರ ತರಗತಿಗೆ ಶಾಸನಪಾಠ ಮಾಡುತ್ತಿದ್ದಾಗ ‘ಕಡಿತವೆರ್ಗಡೆ’ ಎಂಬ ಅಧಿಕಾರಿಯ ಹೆಸರು ಬಂದಿತು. ಕಲ್ಯಾಣದ ಚಾಳುಕ್ಯರ ಕಾಲದ ಶಾಸನಗಳಲ್ಲಿ ಕಾಣಿಸಿಕೊಳ್ಳುವ ಪದವಿ ಇದು. ಕಡಿತ, ಪೆರ್ಗಡೆ ಎಂಬ ಎರಡು ಪದಗಳು ಸೇರಿ, ಪಕಾರಕ್ಕೆ ವಕಾರವು ಆದೇಶವಾಗಿ ಬಂದ ರೂಪವೆಂದು ಬಿಡಿಸಿ ತೋರಿಸಿ, ಅರ್ಥವೇನಿರಬಹುದೆಂದು ಕೇಳಿದೆ. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು, “ಫೈಲ್ ಸೂಪರಿಂಟೆಂಡೆಂಟ್ ಸಾರ್” ಎಂದ. ತರಗತಿ ನಕ್ಕಿತು, ನಾನೂ ನಕ್ಕೆ. ಮನೆಗೆ ಬಂದು ಯೋಚಿಸಿದಾಗ ಅವನ ಉತ್ತರದಲ್ಲಿ ತಪ್ಪೇನೂ ಇರಲಿಲ್ಲವೆನ್ನಿಸಿತು. ಲೆಕ್ಕಪತ್ರಗಳ ಮೇಲ್ವಿಚಾರಕನಿಗೆ ಇಂದಿನ ಕಚೇರಿಯ ಮಾತಿನಲ್ಲಿ ಅದಕ್ಕಿಂತ ಹತ್ತಿರದ ಹೆಸರನ್ನು ನಾನೂ ಕೊಡಲಾರೆ.

ಫೈಲು ಎಂಬುದು ನಾವೆಲ್ಲ ದಿನವೂ ಬಳಸುವ ಶಬ್ದ. ಮೈಸೂರಿನ ಯಾವ ಸ್ಟೇಷನರಿ ಅಂಗಡಿಗೆ ಹೋಗಿ ಕೇಳಿದರೂ ರಟ್ಟಿನದೋ ಪ್ಲಾಸ್ಟಿಕ್ಕಿನದೋ ಎಂದು ಮರುಪ್ರಶ್ನೆ ಬರುತ್ತದೆಯೇ ಹೊರತು ಫೈಲು ಎಂದರೇನೆಂದು ಯಾರೂ ಕೇಳುವುದಿಲ್ಲ. ಕಚೇರಿಯಲ್ಲಂತೂ ಅದಕ್ಕೆ ಕೈಕಾಲು ಬಂದಿವೆ: ಫೈಲು ಮೇಲಕ್ಕೆ ಹೋಗುತ್ತದೆ, ಕೆಳಕ್ಕೆ ಇಳಿಯುತ್ತದೆ, ಸಾಹೇಬರ ಮೇಜಿನ ಮೇಲೆ ಕೂರುತ್ತದೆ, ಒಮ್ಮೊಮ್ಮೆ ಕಾಣೆಯಾಗುತ್ತದೆ. ಇಂಗ್ಲಿಷಿನ ಈ ಪದದ ಮೂಲ ಲ್ಯಾಟಿನ್ನಿನ ‘ಫೀಲುಮ್’; ಅರ್ಥ, ದಾರ. ಪತ್ರಗಳನ್ನು ದಾರಕ್ಕೋ ತಂತಿಗೋ ಪೋಣಿಸಿ ಕ್ರಮವಾಗಿ ಇಡುವುದಕ್ಕೆ ಮೊದಲು ಈ ಹೆಸರಿತ್ತು. ಮುಂದೆ ದಾರ ಹೋಗಿ ರಟ್ಟು ಬಂದಿತು. ಈಗ ರಟ್ಟೂ ಹೋಗಿ ಗಣಕಯಂತ್ರದ ತೆರೆಯ ಮೇಲಿನ ಒಂದು ಚಿತ್ರ ಉಳಿದಿದೆ. ಹೆಸರು ಮಾತ್ರ ಅದೇ. ಬಡಗಿಯ ಅರಕ್ಕೂ ಇಂಗ್ಲಿಷಿನಲ್ಲಿ ಇದೇ ಕಾಗುಣಿತವಿದೆ. ಆದರೆ ಆ ಶಬ್ದದ ಕುಲವೇ ಬೇರೆ.

ನಮ್ಮಲ್ಲಿ ಸೂತ್ರವೆಂದರೂ ದಾರವೇ. ಗ್ರಂಥವೆಂದರೆ ಕಟ್ಟಿದ್ದು, ಹೆಣೆದದ್ದು. ಓಲೆಗರಿಗೆ ತೂತು ಮಾಡಿ ದಾರ ಪೋಣಿಸಿ, ಮೇಲೆ ಕೆಳಗೆ ಹಲಗೆಯಿಟ್ಟು ಕಟ್ಟುತ್ತಿದ್ದ ನಾಡಿಗೆ ಫೈಲಿನ ಕಲ್ಪನೆ ಪರಕೀಯವಲ್ಲ. ಬಾಲ್ಯದಲ್ಲಿ ನಮ್ಮೂರ ಬಸದಿಯಲ್ಲಿ ಶ್ರುತಪಂಚಮಿಯಂದು ಓಲೆಗರಿಯ ಕಟ್ಟುಗಳನ್ನು ಬಿಚ್ಚಿ, ಧೂಳು ಕೊಡವಿ, ಹೊಸ ಬಟ್ಟೆ ಸುತ್ತುತ್ತಿದ್ದುದನ್ನು ಕಂಡಿದ್ದೇನೆ. ಅಂದು ಗಮನಿಸದೆ, ಹಸ್ತಪ್ರತಿಗಳ ಅಧ್ಯಯನಕ್ಕೆ ತೊಡಗಿದ ಮೇಲೆ ಗಮನಿಸಿದ ಸಂಗತಿಯೊಂದಿದೆ. ಲಿಪಿಕಾರ ಬರೆಯುವ ಮೊದಲೇ ತೂತಿನ ಸುತ್ತ ಒಂದಿಷ್ಟು ಜಾಗವನ್ನು ಖಾಲಿ ಬಿಟ್ಟಿರುತ್ತಾನೆ. ದಾರ ಉಜ್ಜಿದರೂ ಅಕ್ಷರಕ್ಕೆ ಏಟು ತಾಗಬಾರದು.

ಆದರೆ ಆಡಳಿತ ಕನ್ನಡದಲ್ಲಿ ಫೈಲಿಗೆ ಸಮಾನಪದವಾಗಿ ನಿಂತದ್ದು ಓಲೆಗೆ ಸಂಬಂಧಿಸಿದ ಪದವಲ್ಲ, ಕಡತ. ಕಡತ ಅರಿವೆಯ ಪುಸ್ತಕ. ಹುಣಿಸೆಬೀಜದ ಅಂಟನ್ನು ಬಟ್ಟೆಗೆ ಬಳಿದು, ಇದ್ದಿಲಿನಿಂದ ಕಪ್ಪಾಗಿಸಿ, ಹಿಂದೆ ಮುಂದೆ ಮಡಿಸುತ್ತ ಹೋದರೆ ಕಡತವಾಗುತ್ತದೆ. ಬರೆಯುವುದು ಬಳಪದಿಂದ. 1896ರಲ್ಲಿ ಪ್ರಕಟವಾದ ಭಾರತೀಯ ಲಿಪಿಶಾಸ್ತ್ರದ ತಮ್ಮ ಗ್ರಂಥದಲ್ಲಿ ಜಾರ್ಜ್ ಬ್ಯೂಲರ್ ಅವರು ಕನ್ನಡ ವ್ಯಾಪಾರಿಗಳ ಈ ಲೆಕ್ಕದ ಪುಸ್ತಕವನ್ನು ಪ್ರಸ್ತಾಪಿಸಿದ್ದಾರೆ. ಶೃಂಗೇರಿ ಮಠದ ಕಡತಗಳು ಇತಿಹಾಸಕಾರರಿಗೆ ಚಿರಪರಿಚಿತ. ಕಡತದ ವಿಶೇಷವೆಂದರೆ ಅದನ್ನು ಒರೆಸಿ ಮತ್ತೆ ಬರೆಯಬಹುದು. ಸಾಲ ತೀರಿದರೆ ಸಾಲು ಅಳಿಯುತ್ತದೆ. ಒರೆಸಲು ಬರುವ ವಸ್ತುವಿನ ಹೆಸರು ಒರೆಸಬಾರದ ದಾಖಲೆಗೆ ಬಂದದ್ದು ಭಾಷೆಯ ವಿಚಿತ್ರಗಳಲ್ಲಿ ಒಂದು.

ಈ ಮಾತುಗಳನ್ನು ತರಗತಿಯಲ್ಲಿ ಹೇಳುವಾಗ ನಾನು ಹೇಳದೆ ಬಿಟ್ಟದ್ದೊಂದಿದೆ.

ನಮ್ಮ ತಂದೆ ಪ್ರಾಥಮಿಕ ಶಾಲೆಯ ಮೇಷ್ಟರು. ಹಳ್ಳಿಯ ಮನೆಯ ಪಡಸಾಲೆಯ ಗೋಡೆಗೆ ಅವರು ಒಂದು ತಂತಿಯನ್ನು ತೂಗುಹಾಕಿದ್ದರು; ಕೆಳತುದಿಯಲ್ಲಿ ಮರದ ಬಿಲ್ಲೆ, ಮೇಲ್ತುದಿ ಕೊಕ್ಕೆಯಂತೆ ಬಾಗಿದ್ದು. ಬಂದ ಕಾಗದವೆಲ್ಲ ಅದಕ್ಕೇ ಚುಚ್ಚಿಕೊಳ್ಳುತ್ತಿತ್ತು: ಸೋದರತ್ತೆಯ ಕಾರ್ಡು, ಕಂದಾಯದ ರಸೀದಿ, ವರ್ಗಾವಣೆಯ ಆದೇಶ, ಮದುವೆಯ ಕರೆಯೋಲೆ. ಕಾಲೇಜು ಸೇರಿದ ಮೇಲೆ ನನಗೆ ಅದನ್ನು ಕಂಡರೆ ನಾಚಿಕೆ. ಮೈಸೂರಿನಿಂದ ಒಂದು ಒಳ್ಳೆಯ ಫೈಲು ಕೊಂಡೊಯ್ದು ಕೊಟ್ಟೆ. ಅಪ್ಪ ಅದನ್ನು ಜೋಪಾನವಾಗಿ ಪೆಟ್ಟಿಗೆಯಲ್ಲಿಟ್ಟರು. ಕಾಗದಗಳನ್ನು ತಂತಿಗೇ ಚುಚ್ಚುತ್ತಿದ್ದರು.

ಅವರು ನಿವೃತ್ತರಾದ ಮೇಲೆ ಪಿಂಚಣಿ ಬರಲಿಲ್ಲ. ವಿಚಾರಿಸಿದಾಗ ‘ಸದರಿ ಕಡತ ಲಭ್ಯವಿರುವುದಿಲ್ಲ’ ಎಂಬ ಉತ್ತರ ಬಂದಿತು. ಮೂವತ್ತು ವರ್ಷಕ್ಕೂ ಮೀರಿದ ಸೇವೆ ಮೂರು ಪದಗಳಲ್ಲಿ ಮುಗಿದಿತ್ತು. ಸೇವಾ ಪುಸ್ತಕವನ್ನು ಮತ್ತೆ ಕಟ್ಟಬೇಕು, ಮೂಲ ಆದೇಶಗಳಿದ್ದರೆ ತನ್ನಿ ಎಂದರು. ಅಂದು ಸಂಜೆ ಅಪ್ಪ ತಂತಿಯನ್ನು ಗೋಡೆಯಿಂದ ಇಳಿಸಿ ಮಡಿಲಲ್ಲಿಟ್ಟುಕೊಂಡು, ಒಂದೊಂದೇ ಕಾಗದ ಬಿಡಿಸಿದರು. ಎಲ್ಲವೂ ಇದ್ದವು, ಬಂದ ಕ್ರಮದಲ್ಲಿಯೇ. ತಳದಲ್ಲಿ ನೇಮಕಾತಿ ಆದೇಶವಿತ್ತು. ಆದರೆ ತಂತಿ ದಿನಾಂಕದ ಮೇಲೆಯೇ ಹಾದುಹೋಗಿತ್ತು; ತಿಂಗಳು, ವರ್ಷ ಓದಬಹುದಾಗಿತ್ತು, ತಾರೀಖು ತೂತಾಗಿತ್ತು. “ಮೇಷ್ಟ್ರೇ, ಈ ತೂತಿಗೆ ನಾನೇನು ಬರೆದುಕೊಳ್ಳಲಿ?” ಎಂದು ಗುಮಾಸ್ತರು ಕೇಳಿದಾಗ ಅಪ್ಪ ತಲೆ ತಗ್ಗಿಸಿದ್ದು ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ. ಆ ಒಂದು ತಾರೀಖಿಗಾಗಿ ಶಾಲೆಯ ಹಾಜರಿ ಪುಸ್ತಕ ಹುಡುಕಿಸಿ, ದೃಢೀಕರಣ ತರಿಸುವಷ್ಟರಲ್ಲಿ ಇನ್ನೂ ಹತ್ತು ತಿಂಗಳು ಕಳೆದವು. ಪಿಂಚಣಿ ಬಂದಿತು. ಅಪ್ಪ ಅದನ್ನು ನಾಲ್ಕು ವರ್ಷ ಪಡೆದರು.

ಶಬ್ದದ ಮೂಲ ತಿಳಿದಾಗ ನನಗೆ ಹೊಳೆದದ್ದು ಇಷ್ಟು. ಕಚೇರಿಯಲ್ಲಿ ಕಳೆದುಹೋದದ್ದು ಹೆಸರಿಗೆ ಫೈಲು. ನಮ್ಮ ಪಡಸಾಲೆಯಲ್ಲಿ ತೂಗುತ್ತಿದ್ದುದೇ ಆ ಶಬ್ದದ ನಿಜವಾದ ಅರ್ಥ. ಅದನ್ನು ಕಂಡು ನಾಚಿದವನು ಶಬ್ದಾರ್ಥ ಕಲಿಸಿ ಸಂಬಳ ಪಡೆಯುತ್ತಿದ್ದೇನೆ. ಅಪ್ಪನಿಗೆ ಓಲೆಗರಿಯ ಲಿಪಿಕಾರನ ಒಂದು ಜಾಣ್ಮೆ ಮಾತ್ರ ಇರಲಿಲ್ಲ, ತೂತಿಗೆ ಜಾಗ ಬಿಡುವುದು. ಬಂದ ಕಾಗದದಲ್ಲಿ ಜಾಗ ಬಿಡುವುದು ಅವರ ಕೈಯಲ್ಲಾದರೂ ಎಲ್ಲಿತ್ತು?

ಮಾನಸಗಂಗೋತ್ರಿಯ ಹಸ್ತಪ್ರತಿಗಳಿರಲಿ, 1891ರಲ್ಲಿ ಆರಂಭವಾದ ಪ್ರಾಚ್ಯವಿದ್ಯಾ ಸಂಶೋಧನಾಲಯದ ಗ್ರಂಥಗಳಿರಲಿ, ಈ ಊರಿನಲ್ಲಿ ಕಟ್ಟಿಟ್ಟ ದಾರಗಳಿಗೆ ಕೊರತೆಯಿಲ್ಲ. ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರವೂ ಇಲ್ಲಿಯ ಓಲೆಗರಿಯಿಂದ ಹೊರಬಂದದ್ದೇ. ಲೆಕ್ಕದ ಕಚೇರಿಯಲ್ಲಿ ನಿಬಂಧಪುಸ್ತಕಗಳಿಗೆ ತಕ್ಕ ಸ್ಥಳವಿರಬೇಕೆಂದು ಆ ಗ್ರಂಥ ವಿಧಿಸುತ್ತದೆ. ಯಾರೋ ಬಿಚ್ಚಿ ಓದಿದ್ದರಿಂದ ಆ ಮಾತು ನಮಗೆ ತಿಳಿಯಿತು.

ಮುಂದಿನ ತರಗತಿಯಲ್ಲಿ ಆ ಹುಡುಗನನ್ನು ಎಬ್ಬಿಸಿ, ಅಂದು ನಕ್ಕದ್ದು ನನ್ನ ತಪ್ಪೆಂದೂ ಅವನ ಉತ್ತರ ಸರಿಯೆಂದೂ ಹೇಳಿದೆ. ಅವನ ವಿದ್ಯಾರ್ಥಿವೇತನದ ಅರ್ಜಿ ಎಲ್ಲಿಯೋ ನಿಂತಿದೆಯೆಂದು ಆಗ ತಿಳಿಯಿತು. ಎಲ್ಲ ಪ್ರತಿಗಳನ್ನೂ ಒಂದೆಡೆ ಪೋಣಿಸಿಟ್ಟುಕೋ, ತಾರೀಖಿನ ಮೇಲೆ ಮಾತ್ರ ಚುಚ್ಚಬೇಡ ಎಂದೆ.