ಕಾಂತಾರಪ್ರಯಾಣದ ಸಿದ್ಧತೆ

ದುರ್ಗಮವಾದ ಮಾರ್ಗಕ್ಕೆ ಕಾಂತಾರವೆಂಬ ಹೆಸರನ್ನು ಅಮರಸಿಂಹನು ಕೊಟ್ಟಿರುವನು. ಮಹಾರಣ್ಯಕ್ಕೂ ಅದೇ ಶಬ್ದವು ಸಲ್ಲುವುದು. ಕಾಡು ಬೇರೆ, ಕಷ್ಟದ ದಾರಿ ಬೇರೆ ಎಂದು ಪೂರ್ವಿಕರು ಎಣಿಸಲಿಲ್ಲವೆಂದು ಇದರಿಂದ ತೋರುವುದು. ಹೋಗಲೇಬೇಕಾದ ಕಾರ್ಯವಿದ್ದವನು ಕಾಡನ್ನು ಹೊಗುತ್ತಿದ್ದನಲ್ಲದೆ, ದಾರಿಯು ಕಷ್ಟವಾಗಿರಲೆಂದು ಹುಡುಕಿಕೊಂಡು ಹೋಗುತ್ತಿರಲಿಲ್ಲ. ಈಗಿನ ತರುಣರಲ್ಲಿ ಹಾಗೆ ಹುಡುಕುವ ಒಂದು ಪಂಗಡವು ಹುಟ್ಟಿದೆ. ಡಾಂಬರಿನ ನುಣುಪಾದ ರಸ್ತೆಯನ್ನು ಬಿಟ್ಟು, ಗರಸಿನ ದಾರಿ, ಜಲ್ಲಿ ಎದ್ದ ದಾರಿ, ಗಾಡಿಜಾಡುಗಳ ಮೇಲೆ ಬೈಸಿಕಲ್ಲು ತುಳಿದು ಬೆಟ್ಟಗಾಡನ್ನು ಹತ್ತುವುದೇ ಇವರಿಗೆ ವಿನೋದವು.

ಮದ್ದೂರಿನ ಒಂದು ಮನೆಯ ಜಗಲಿಯ ಮೇಲೆ ಈಚೆಗೆ ನಾಲ್ಕಾರು ಶನಿವಾರಗಳಿಂದ ಇಂತಹ ಪ್ರಯಾಣವೊಂದರ ಆಲೋಚನೆಯು ನಡೆದಿತ್ತು. ಮನೆಯ ಮಗನು ಬೆಂಗಳೂರಿನಲ್ಲಿ ಕಂಪ್ಯೂಟರಿನ ಕೆಲಸದವನು. ವಾರಕ್ಕೊಮ್ಮೆ ರೈಲಿನಲ್ಲಿ ಬಂದು ಹೋಗುವನು. ಅವನ ಸೋದರಮಾವನು ಸಕ್ಕರೆ ಕಾರ್ಖಾನೆಯೊಂದರಲ್ಲಿ ಗುಮಾಸ್ತನಾಗಿದ್ದು, ಮೂವತ್ತು ವರ್ಷ ದಿನವೂ ಸೈಕಲ್ಲಿನಲ್ಲಿಯೇ ಓಡಾಡಿ ವಿಶ್ರಾಂತನಾದವನು. ಇವರಿಬ್ಬರ ನಡುವೆ ಭೂಪಟವು ಹರಡಿರುತ್ತಿತ್ತು. ಬಾಗಿಲ ಹಿಂದೆ ಕುಳಿತು ಅವರೆಕಾಯಿ ಸುಲಿಯುತ್ತಿದ್ದ ತಾಯಿಯು ಮಾತ್ರ ಬಹುದಿನ ಏನನ್ನೂ ಆಡಲಿಲ್ಲ.

ಹೋಗತಕ್ಕ ಸ್ಥಳವು ಮಲೆಯ ಮಹದೇಶ್ವರನ ಬೆಟ್ಟ. ರಾಜಮಾರ್ಗದಲ್ಲಿ ಹೋದರೆ ಮಳವಳ್ಳಿ, ಶಿವನಸಮುದ್ರ, 1956ರ ವರೆಗೆ ಕೊಯಮತ್ತೂರು ಜಿಲ್ಲೆಗೆ ಸೇರಿದ್ದ ಕೊಳ್ಳೇಗಾಲ, ಅಲ್ಲಿಂದ ಹನೂರು, ಕೌದಳ್ಳಿ, ತಾಳಬೆಟ್ಟ, ಹೀಗೆ ಸುಮಾರು 130 ಕಿಲೋಮೀಟರುಗಳಾಗುವುವು. ಆದರೆ ತರುಣನ ಮನಸ್ಸು ಈ ದಾರಿಯಲ್ಲಿರಲಿಲ್ಲ. ಕನಕಪುರದ ಆಚೆ ಅರ್ಕಾವತಿಯು ಕಾವೇರಿಯನ್ನು ಕೂಡುವ ಸಂಗಮವಿದೆಯಷ್ಟೆ. ಶಿವರಾತ್ರಿಯ ಕಾಲದಲ್ಲಿ ಆ ಕಡೆಯ ಭಕ್ತರು ಅಲ್ಲಿ ಹೊಳೆಯನ್ನು ದಾಟಿ ಕಾಡಿನೊಳಗೆ ಕಾಲ್ನಡೆಯಿಂದ ಹನೂರಿನ ಸೀಮೆಯನ್ನು ಸೇರಿ, ಮಾದಪ್ಪನ ಬೆಟ್ಟಕ್ಕೆ ಹೋಗುವ ಪದ್ಧತಿಯು ಬಹುಕಾಲದಿಂದ ನಡೆದುಬಂದಿದೆ. ಆ ಕಾಡುದಾರಿಯಲ್ಲಿಯೇ ಸೈಕಲ್ಲನ್ನು ನಡೆಸಬೇಕೆಂಬುದು ಅವನ ಹಟ.

ಇದು ಬರಿಯ ವಿನೋದದ ಹಟವೂ ಆಗಿರಲಿಲ್ಲ. ಅವನು ಎರಡು ವರ್ಷದ ಕೂಸಾಗಿದ್ದಾಗ, 1993ರ ಸಂಕ್ರಾಂತಿಯ ಸುಮಾರಿನಲ್ಲಿ, ಮಿದುಳಿನ ಜ್ವರವು ತಗುಲಿ ಮೂರು ದಿನ ಪ್ರಜ್ಞೆಯಿರಲಿಲ್ಲ. ಕೂಸು ಉಳಿದರೆ ಕಾಡುದಾರಿಯಲ್ಲಿ ನಡೆದು ಬರುತ್ತೇನೆಂದು ತಂದೆಯು ಹರಸಿಕೊಂಡನು. ಕೂಸು ಉಳಿಯಿತು. ಹೊರಡುವುದಕ್ಕೆ ಬುತ್ತಿಯ ಮಾತೂ ಆಗಿತ್ತು. ಅಷ್ಟರಲ್ಲಿ ಏಪ್ರಿಲ್ 9ರಂದು ಬೆಟ್ಟದಾಚೆಯ ಪಾಲಾರಿನ ಬಳಿ ವೀರಪ್ಪನ್ ನೆಲಬಾಂಬನ್ನು ಸಿಡಿಸಿ 22 ಮಂದಿಯನ್ನು ಕೊಂದನು. ಆ ಸುದ್ದಿಯನ್ನು ಕೇಳಿದ ತಾಯಿಯು ಗಂಡನನ್ನು ಹೊಸ್ತಿಲು ದಾಟಗೊಡಲಿಲ್ಲ. ಬರುವ ವರ್ಷ, ಅದರ ಮುಂದಿನ ವರ್ಷ ಎಂದು ಕಾಲವು ಕಳೆಯಿತು. 2004ರ ಅಕ್ಟೋಬರಿನಲ್ಲಿ ವೀರಪ್ಪನ್ ಹತನಾಗುವ ವೇಳೆಗೆ ತಂದೆಯ ಮಂಡಿಗಳು ಕೈಬಿಟ್ಟಿದ್ದುವು. ಬಸ್ಸಿನಲ್ಲಿ ಹೋಗಿ ಮುಡಿ ಕೊಟ್ಟು ಬಂದರೂ, ನಡೆಯುವ ಹರಕೆಯು ಹಾಗೆಯೇ ನಿಂತಿತು. ಎರಡು ವರ್ಷಗಳ ಹಿಂದೆ ಅವನು ತೀರಿಕೊಂಡನು.

ಇನ್ನು ವಾಹನದ ವಿಚಾರ. ತರುಣನು ಬೆಂಗಳೂರಿನಿಂದ ತಂದ ಹೊಸ ಸೈಕಲ್ಲನ್ನು ನೋಡಲು ಬೀದಿಯವರೆಲ್ಲ ಬಂದರು. ಟಗರಿನ ಕೊಂಬಿನಂತೆ ಬಾಗಿದ ಹಿಡಿ, ತಟ್ಟೆಯಂತಹ ಬ್ರೇಕು, ಕೈಯಿಂದ ಎತ್ತಿದರೆ ಹಗುರ. ಟೈರಿನೊಳಗೆ ಟ್ಯೂಬಿಲ್ಲ, ಹಾಲಿನಂತಹ ಒಂದು ದ್ರವವಿದ್ದು, ಮುಳ್ಳು ಚುಚ್ಚಿದ ರಂಧ್ರವನ್ನು ತಾನೇ ಮುಚ್ಚುವುದಂತೆ. “ಡಾಂಬರು ರಸ್ತೆಯಲ್ಲಿ ಓಡುವ ಸೈಕಲ್ಲಿಗೆ 28 ಮಿಲಿಮೀಟರಿನ ಟೈರು ಸಾಕು ಮಾವ, ಗರಸಿಗಾಗಿಯೇ ಇದು 40 ಮಿಲಿಮೀಟರು” ಎಂದು ತರುಣನು ಹೆಮ್ಮೆಯಿಂದ ಹೇಳಿದನು. ಮಾವನು ಮಾತಾಡದೆ ಎದ್ದುಹೋಗಿ ಹಿತ್ತಿಲಿನಿಂದ ತನ್ನ ಅಟ್ಲಾಸ್ ಸೈಕಲ್ಲನ್ನು ತಳ್ಳಿಕೊಂಡು ಬಂದು, ಟೈರಿನ ಪಕ್ಕದ ಧೂಳನ್ನು ಪಂಚೆಯ ತುದಿಯಿಂದ ಒರಸಿ ತೋರಿಸಿದನು. 28 ಅಂಗುಲದ ಗಾಲಿ, ಒಂದೂವರೆ ಅಂಗುಲದ ಟೈರು. ಲೆಕ್ಕ ಹಾಕಿದರೆ ಅದೇ 40 ಮಿಲಿಮೀಟರಿನ ಸುಮಾರು! ಹಾಲಿನವರೂ ಅಂಚೆಯವರೂ ತುಳಿದ ಸೈಕಲ್ಲೆಲ್ಲವೂ ಗರಸಿನ ಸೈಕಲ್ಲೇ ಆಗಿದ್ದಿತೆಂಬುದು ಆ ದಿನ ಜಗಲಿಗೆ ತಿಳಿಯಿತು. ಅಂದು ಊರೆಲ್ಲವೂ ಗರಸೇ ಆಗಿದ್ದುದರಿಂದ ಅದಕ್ಕೆ ಬೇರೆ ಹೆಸರು ಬೇಕಾಗಿರಲಿಲ್ಲ. ಅಟ್ಲಾಸ್ ಕಂಪೆನಿಯು ಸಾಹಿಬಾಬಾದಿನ ತನ್ನ ಕಾರ್ಖಾನೆಯ ಕೆಲಸವನ್ನು 2020ರ ಜೂನಿನಲ್ಲಿ ನಿಲ್ಲಿಸಿದಾಗ ಮಾವನು ಮನೆಯವರೊಬ್ಬರು ಹೋದಂತೆ ನೊಂದಿದ್ದನು.

ಆದರೂ ನ್ಯಾಯವನ್ನು ಹೇಳಬೇಕು. ಏರಿನಲ್ಲಿ ಅಟ್ಲಾಸಿಗೆ ಹಲ್ಲು ಬದಲಿಸುವ ಉಪಾಯವಿಲ್ಲ. ಇಳಿಜಾರಿನ ತಿರುವುಗಳಲ್ಲಿ ಅದರ ಕಂಬಿ ಬ್ರೇಕನ್ನು ನಂಬುವುದು ಸಾಹಸವಲ್ಲ, ಅವಿವೇಕ. ಮಾವನೇ ಇದನ್ನು ಒಪ್ಪಿದನು. ಅಭ್ಯಾಸಕ್ಕೆಂದು ಇಬ್ಬರೂ ವಿಶ್ವೇಶ್ವರಯ್ಯ ನಾಲೆಯ ಏರಿಯ ಮೇಲೆ ಮುಂಜಾನೆ ಹೋಗತೊಡಗಿದರು. ಗಾಳಿಯನ್ನು ಗಟ್ಟಿಯಾಗಿ ತುಂಬಿದರೆ ಗಾಲಿಯು ಕಲ್ಲಿನ ಮೇಲೆ ಪುಟಿಯುವುದು, ಸ್ವಲ್ಪ ಇಳಿಸಿದರೆ ಕಲ್ಲನ್ನು ಅಪ್ಪಿಕೊಂಡು ಹೋಗುವುದು. ಇಳಿಜಾರಿನಲ್ಲಿ ಮುಂದಿನ ಬ್ರೇಕನ್ನು ಒಮ್ಮೆಲೇ ಹಿಡಿದರೆ ಮಣ್ಣು ತಿನ್ನುವುದೇ ಸೈ. ಎರಡನೆಯದನ್ನು ತರುಣನು ಮೊಣಕೈಯಿಂದ ಕಲಿತನು.

ದಾರಿಯ ಗಂಟು ಬಿಡಿಸುವುದೇ ಎಲ್ಲಕ್ಕಿಂತ ಕಠಿನವಾಯಿತು. ಸಂಗಮದ ಸುತ್ತಿನ ಅರಣ್ಯವು 1987ರಿಂದ ಕಾವೇರಿ ವನ್ಯಧಾಮವಾಗಿದೆ. ಬೆಟ್ಟದ ಸುತ್ತಿನದು 2013ರಿಂದ ಮಹದೇಶ್ವರ ವನ್ಯಧಾಮವು. 1972ರ ಕಾಯಿದೆಯಂತೆ ಸಾರ್ವಜನಿಕ ಹೆದ್ದಾರಿಯಲ್ಲಿ ಹಾದುಹೋಗುವವರನ್ನೂ ಅಲ್ಲಿಯ ನಿವಾಸಿಗಳನ್ನೂ ಬಿಟ್ಟು ಮಿಕ್ಕವರು ಅನುಮತಿಯಿಲ್ಲದೆ ಒಳಗೆ ಹೋಗಕೂಡದು. ವಿಚಾರಿಸಲು ಹೋದ ಮಾವನಿಗೆ ಕಛೇರಿಯಲ್ಲಿ ಕುರ್ಚಿ ಕೊಟ್ಟು, ಚಹ ತರಿಸಿ, ಹಬ್ಬದ ಭಕ್ತಸಮೂಹದ ಮಾತು ಬೇರೆ, ಮಿಕ್ಕ ದಿನ ಸೈಕಲ್ಲಿಗೆ ಬಿಡಲಾಗದೆಂದು ತಿಳಿಸಿದರು. ಆನೆಗೆ ಸೈಕಲ್ಲಿನ ಸದ್ದು ಕೇಳಿಸದು, ಎದುರಾದಾಗಲೇ ಇಬ್ಬರಿಗೂ ಗೊತ್ತಾಗುವುದು ಎಂಬುದು ಅಲ್ಲಿಯವರು ಕೊಟ್ಟ ಕಾರಣ. ಇದಕ್ಕೆ ಉತ್ತರವಿರಲಿಲ್ಲ.

ತರುಣನು ಸುಮ್ಮನಾಗಲಿಲ್ಲ. ಬೆಟ್ಟದ ಸುತ್ತಣ ಇಂಡಿಗನತ್ತ, ಮೆಂದಾರೆ, ತುಳಸಿಕೆರೆಗಳ ಕಡೆಯ ಕಚ್ಚಾದಾರಿಗಳನ್ನು ಪಟದಲ್ಲಿ ಹುಡುಕಿ, “ಇಲ್ಲಿ ನೋಡು ಮಾವ, ಎಂಥ ಒಳ್ಳೆಯ ಗರಸು! ಕಾರು ಕೂಡ ಹೋಗೋದು ಕಷ್ಟ” ಎಂದನು.

ಮಾವನು ಕನ್ನಡಕವನ್ನು ತೆಗೆದಿಟ್ಟನು. “ಆ ದಾರಿಯಲ್ಲಿ ಬಸುರಿಯರನ್ನ ಡೋಲಿ ಕಟ್ಟಿ ಹೊತ್ಕೊಂಡು ಬತ್ತಾರೆ ಕಣೋ. ಅದನ್ನ ಒಳ್ಳೇದು ಅಂತೀಯಾ?”

ಇಂಡಿಗನತ್ತದವರು 2024ರ ಏಪ್ರಿಲ್ 26ರಂದು ರಸ್ತೆ ಮೊದಲಾದ ಸೌಕರ್ಯಗಳಿಲ್ಲವೆಂದು ಚುನಾವಣೆಯನ್ನು ಬಹಿಷ್ಕರಿಸಿದುದೂ, ಗಲಭೆಯಲ್ಲಿ ಮತಯಂತ್ರವು ಒಡೆದುದೂ, 29ರಂದು ಮರುಮತದಾನವಾದುದೂ ಪತ್ರಿಕೆಗಳಲ್ಲಿ ಬಂದಿತ್ತು. ಒಬ್ಬನು ರಜದ ದಿನ ಅರಸಿಕೊಂಡು ಹೋಗುವ ಕಷ್ಟವು ಇನ್ನೊಬ್ಬನಿಗೆ ಮನೆಯ ಬಾಗಿಲಲ್ಲಿಯೇ ಬಿದ್ದಿರುವುದು. ತರುಣನು ಪಟವನ್ನು ಮಡಿಸಿದನು. ಮುಂದಿನ ಶನಿವಾರ ಅವನು ಊರಿಗೆ ಬರಲಿಲ್ಲ.

ಅದರ ಮುಂದಿನ ಶನಿವಾರ ಬಂದಾಗ ಬೇರೊಂದು ಪ್ರಶ್ನೆಯನ್ನು ತಂದಿದ್ದನು. ನಡೆಯುತ್ತೇನೆಂದು ತಂದೆ ಹರಸಿಕೊಂಡುದನ್ನು ಮಗನು ತುಳಿದು ತೀರಿಸಿದರೆ ಸಲ್ಲುವುದೇ? ಮೀಮಾಂಸಕರು ಪ್ರತಿನಿಧಿಯ ವಿಚಾರವನ್ನು ವಿಸ್ತಾರವಾಗಿ ಮಾಡಿರುವರು. ಸೋಮಲತೆಯು ದೊರೆಯದಿದ್ದರೆ ಪೂತೀಕವನ್ನು ಹಿಂಡಬಹುದು. ಆದರೆ ಯಜಮಾನನಿಗೆ ಪ್ರತಿನಿಧಿಯಿಲ್ಲವೆಂದು ಅವರ ನಿರ್ಣಯ. ಆ ಲೆಕ್ಕದಲ್ಲಿ ನಡಗೆಗೆ ಬದಲು ಸೈಕಲ್ಲು ಒಪ್ಪಬಹುದಾದರೂ ತಂದೆಗೆ ಬದಲು ಮಗನು ಒಪ್ಪದೆ ಹೋಗುವನು. ಆದರೆ ಮಾದಪ್ಪನು ಜೈಮಿನಿಯನ್ನು ಕೇಳಿ ಹರಕೆಯನ್ನು ಒಪ್ಪಿಸಿಕೊಳ್ಳುವವನಲ್ಲ.

ಉತ್ತರವು ಬಾಗಿಲ ಹಿಂದಿನಿಂದ ಬಂದಿತು. “ಅವರು ಹೊಂಟಿದ್ರು ಕಣಪ್ಪ, ನಾನೇ ಬ್ಯಾಡ ಅಂದೋಳು. ಅದು ಅವರ ಸಾಲ ಅಲ್ಲ, ನಂದು. ತಾಳಬೆಟ್ಟದಗಂಟ ನೀನು ಅದೇನು ತುಳೀತೀಯೋ ತುಳಿ. ಅಲ್ಲಿಗೆ ನಾನೂ ಬಸ್ಸಲ್ಲಿ ಬತ್ತೀನಿ. ಅಲ್ಲಿಂದ ಮೇಲಕ್ಕೆ ಇಬ್ಬರೂ ನಡೆಯೋಣ.”

“ಅಕ್ಕ, ನಿನ್ನ ಕಾಲು?” ಎಂದನು ತಮ್ಮ.

“ಕಾಲು ಬತ್ತದೆ.”

ಹೀಗೆ ನಿಶ್ಚಯವಾಯಿತು. ಮಾರ್ಗಶಿರದ ಎರಡನೆಯ ಶನಿವಾರ ಹೊರಡತಕ್ಕದ್ದು. ಮೊದಲ ದಿನ ನಾಲೆಯ ಏರಿಯನ್ನು ಹಿಡಿದು ಸಾಧ್ಯವಾದಷ್ಟು ದೂರ ಮಣ್ಣಿನಲ್ಲಿಯೇ ನಡೆದು, ಆಮೇಲೆ ರಸ್ತೆಯನ್ನು ಸೇರಿ, ಹನೂರಿನಲ್ಲಿ ತಂಗುವುದು. ಎರಡನೆಯ ದಿನ ಬೆಳಗ್ಗೆ 8 ಗಂಟೆಗೆ ಮುಂಚೆ ಕಾಡಿನ ಭಾಗವನ್ನು ಮುಟ್ಟಕೂಡದು, ಸಂಜೆ 4ರ ಮೇಲೆ ಅಲ್ಲಿರಕೂಡದು. ಮುಂಜಾನೆಯೂ ಮುಸ್ಸಂಜೆಯೂ ಆನೆಗಳ ಹೊತ್ತು. ಗಂಟೆಗೆ ಮುಕ್ಕಾಲು ಲೀಟರಿನಂತೆ ನೀರು. ಬುತ್ತಿಗೆ ಹುರಿಟ್ಟು, ಬೆಲ್ಲ, ನಾಲ್ಕು ಮದ್ದೂರುವಡೆ. ವಡೆಯು ಎರಡು ದಿನ ಕೆಡುವುದಿಲ್ಲವೆಂಬ ಹೊಗಳಿಕೆಯನ್ನು ಪರೀಕ್ಷಿಸಿದಂತೆಯೂ ಆಗುವುದು. ಮಾವನು ಅಕ್ಕನೊಡನೆ ಬಸ್ಸಿನಲ್ಲಿ ಬರತಕ್ಕವನು.

ಹೊರಡುವ ಹಿಂದಿನ ರಾತ್ರಿ ತಾಯಿಯು ದೀಪವನ್ನು ಹಿಡಿದು ಸೈಕಲ್ಲಿನ ಸುತ್ತ ಒಮ್ಮೆ ಬಂದಳು. ಹಿಡಿಯನ್ನು ತಡವಿ, “ಇದಕ್ಕೆ ಗಂಟೆ ಎಲ್ಲಿ?” ಎಂದಳು. ಇರಲಿಲ್ಲ. ಅಂತಹ ಸೈಕಲ್ಲುಗಳಿಗೆ ಗಂಟೆ ಇಡುವ ರೂಢಿಯಿಲ್ಲವೆಂದು ಮಗನು ಹೇಳುತ್ತಿರುವಾಗಲೇ ಮಾವನು ಹಿತ್ತಿಲಿಗೆ ಹೋಗಿದ್ದನು. ಅಟ್ಲಾಸಿನ ಗಂಟೆಯ ತಿರುಪು ತುಕ್ಕು ಹಿಡಿದಿತ್ತು. ಕೊಬ್ಬರಿಯೆಣ್ಣೆ ಬಿಟ್ಟು ಬಿಡಿಸಿ, ಬಾಗಿದ ಹಿಡಿಗೆ ರಬ್ಬರಿನ ತುಂಡು ಸುತ್ತಿ ಬಿಗಿದನು. ಎರಡು ಸಲ ಬಾರಿಸಿ ನೋಡಿದರು. ಎದುರುಮನೆಯವರು ಯಾರು ಬಂದರೆಂದು ಬಾಗಿಲು ತೆರೆದರು.